ತೇಗದಲ್ಲಿ ಸ್ಕೇಟ್‌ಬೋರ್ಡ್ ಮಾಡಬಹುದಾ? ಯಾವ ಭಾಗಕ್ಕೆ ದುಡ್ಡು ಹಾಕಬೇಕು?

ಹತ್ಯಾರ_ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನನ್ನದೊಂದು ಮರಗೆಲಸದ ಅಂಗಡಿ ಇದೆ. ಬಾಗಿಲು, ಕಿಟಕಿ, ಮಂಚ, ಕಪಾಟು ಮಾಡುತ್ತೇವೆ. ಸ್ಕೇಟ್‌ಬೋರ್ಡ್ ವಿಷಯ ಪೂರ್ತಿ ಹೊಸದು, ತಿಳಿದವರು ಹೇಳಿ.

ಅಕ್ಕನ ಮಗ ಎಂಟನೇ ತರಗತಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹೆಚ್ಚುಕಡಿಮೆ ತನ್ನದೇ ವಯಸ್ಸಿನ ಮಕ್ಕಳು ಆಡುವುದನ್ನು ನೋಡಿದಾಗಿನಿಂದ ಅವನಿಗೆ ಬೇರೆ ಯಾವುದೂ ಬೇಡ. ಭಾವ ಆನ್‌ಲೈನ್‌ನಲ್ಲಿ ಅಗ್ಗದ್ದೊಂದು ತರಿಸಿಕೊಟ್ಟರು. ಮನೆಯೊಳಗೆ, ಸಿಮೆಂಟಿನ ಅಂಗಳದಲ್ಲಿ ಹೇಗೋ ಓಡುತ್ತದೆ. ಟಾರು ರಸ್ತೆಗೆ ಇಳಿದರೆ ಸಣ್ಣ ಜಲ್ಲಿಚೂರು ಸಿಕ್ಕರೂ ಚಕ್ರ ಗಕ್ಕನೆ ನಿಲ್ಲುತ್ತದೆ, ಹುಡುಗ ಮುಂದಕ್ಕೆ ಹೋಗಿ ಬೀಳುತ್ತಾನೆ. ಎರಡೂ ಮಂಡಿ ತರಚಿಕೊಂಡು ಬಂದ ದಿನ ನಾನು ಅದನ್ನು ಬಿಚ್ಚಿ ನೋಡಿದೆ. ಹಲಗೆ ಯಾವುದೋ ಮೆತ್ತನೆ ಮರದ ಪ್ಲೈ, ಸ್ಕ್ರೂ ತೂತು ಆಗಲೇ ಅಗಲವಾಗಿವೆ. ಚಕ್ರ ಗಟ್ಟಿ ಪ್ಲಾಸ್ಟಿಕ್ಕು. ಕಲ್ಲಿನ ಮೇಲೆ ಬೀಳಿಸಿದರೆ ಟಕ್ ಎಂದು ಸದ್ದು ಮಾಡಿ ಅಲ್ಲೇ ಬಿದ್ದಿರುತ್ತದೆ.

ನನ್ನ ಹತ್ತಿರ ಚೆನ್ನಾಗಿ ಒಣಗಿದ ಹಳೆ ತೇಗದ ಹಲಗೆ ಇದೆ. ಹಳೆ ಮನೆಯೊಂದರ ತೊಲೆ ಸೀಳಿಸಿದ್ದು. ಅದರಲ್ಲಿ ಒಂದು ಒಳ್ಳೆಯ ಬೋರ್ಡ್ ಮಾಡಿಕೊಡಬೇಕು ಎಂಬ ಆಸೆ. ಆದರೆ ಒಳ್ಳೆಯ ಬೋರ್ಡುಗಳೆಲ್ಲ ಏಳು ತೆಳು ಪದರ ಅಂಟಿಸಿ ಮಾಡುತ್ತಾರಂತೆ. ಅದು ಖರ್ಚು ಉಳಿಸಲಿಕ್ಕಾ, ಅಥವಾ ಬೇರೆ ಕಾರಣ ಇದೆಯಾ? ಇಷ್ಟು ವರ್ಷಗಳಲ್ಲಿ ಈ ಬೋರ್ಡಿನಲ್ಲಿ ನಿಜವಾಗಿ ಏನು ಸುಧಾರಿಸಿದೆ? ನಮ್ಮ ರಸ್ತೆಗೆ ಯಾವ ಭಾಗಕ್ಕೆ ದುಡ್ಡು ಹಾಕಿದರೆ ಸಾರ್ಥಕ? ಹುಡುಗ ಇನ್ನೂ ಕಸರತ್ತು ಕಲಿತಿಲ್ಲ, ಶಾಲೆ ಮೈದಾನದವರೆಗೆ ಬೀಳದೆ ಹೋಗಿ ಬಂದರೆ ಅದೇ ದೊಡ್ಡದು.

ಕರ್ಬ್_ಜಯನಗರ

ಅಣ್ಣಾ, ತೇಗ ಬೇಡವೇ ಬೇಡ. ನಮ್ಮ ಗುಂಪಿನ ಹುಡುಗನೊಬ್ಬ ಇಡೀ ತೇಗದ ಹಲಗೆಯಲ್ಲೇ ಮಾಡಿದ್ದ, ನೋಡೋಕೆ ತುಂಬಾ ಚೆನ್ನಾಗಿತ್ತು. ಒಂದು ಮೆಟ್ಟಿಲಿಂದ ಹಾರಿದ ತಕ್ಷಣ ಮುಂದಿನ ಟ್ರಕ್ಕಿನ (ಹಲಗೆಗೆ ಚಕ್ರ ಹಿಡಿಸೋ ಲೋಹದ ಭಾಗ) ಬೋಲ್ಟ್ ಸಾಲಿನಿಂದ ನೇರ ಎಳೆ ಹಿಡಿದು ಸೀಳಿಹೋಯ್ತು.

ಏಳು ಪದರದ ಮೇಪಲ್ ಮರದ ಡೆಕ್ (ಕಾಲಿಡೋ ಹಲಗೆ) ತಗೊಳ್ಳಿ, 8 ಇಂಚು ಅಗಲ. ಮೊದಲು ಡೆಕ್ಕಿಗೆ ಹಾಕಿ ದುಡ್ಡು. ಪಾಪ್, ಅಂದ್ರೆ ಪುಟಿಯೋ ಗುಣ, ಇಲ್ಲದ ಡೆಕ್ಕಲ್ಲಿ ಆಲಿ (ಬೋರ್ಡ್ ಸಮೇತ ಮೇಲಕ್ಕೆ ಹಾರೋ ಕಸರತ್ತು) ಬರಲ್ಲ. ಆಲಿ ಬರದಿದ್ದರೆ ಹುಡುಗ ಸ್ವಲ್ಪ ದಿನಕ್ಕೆ ಬೇಜಾರಾಗಿ ಮೂಲೆಗೆ ಹಾಕ್ತಾನೆ. ಚಕ್ರ ಆಮೇಲೆ ಬದಲಾಯಿಸಬಹುದು.

ಎರಕ_ಪೀಣ್ಯ

ಹತ್ಯಾರ ಸರ್, ನಾನು ಪೀಣ್ಯದಲ್ಲಿ ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಎರಕ ಹೊಯ್ಯೋ ಕಾರ್ಖಾನೇಲಿ ಕೆಲಸ ಮಾಡ್ತೀನಿ. ಪ್ರಿಂಟಿಂಗ್ ಮೆಷಿನ್ನಿನ ರೋಲರ್, ಕನ್ವೇಯರ್ ಗಾಲಿ, ಟ್ರಾಲಿ ಚಕ್ರ ಇವೆಲ್ಲ ನಮ್ಮಲ್ಲಿ ಆಗುತ್ತೆ. ಶಿಫ್ಟ್ ಮುಗಿದ ಮೇಲೆ ಸ್ಕೇಟ್ ಮಾಡ್ತೀನಿ. ಕರ್ಬ್ ಹೇಳಿದ ತೇಗದ ಮಾತು ಸರಿ. ಆದರೆ "ಮೊದಲು ಡೆಕ್" ಅನ್ನೋದನ್ನ ನಾನು ಒಪ್ಪಲ್ಲ. ನಿಮ್ಮ ಹುಡುಗನ್ನ ಬೀಳಿಸ್ತಿರೋದು ಡೆಕ್ ಅಲ್ಲ, ಚಕ್ರ. ಸ್ಕೇಟ್‌ಬೋರ್ಡಿನ ಇತಿಹಾಸದಲ್ಲಿ ಒಂದೇ ಒಂದು ಸುಧಾರಣೆ ಉಳಿಸ್ಕೊಂಡು ಬೇರೆಲ್ಲ ಬಿಡು ಅಂದ್ರೆ ನಾನು ಚಕ್ರ ಉಳಿಸ್ಕೋತೀನಿ.

ಯಾಕೆ ಅಂತ ಹೇಳ್ತೀನಿ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಮುದ್ರದ ಅಲೆ ಮೇಲೆ ಸರ್ಫಿಂಗ್ ಮಾಡ್ತಿದ್ದ ಹುಡುಗರು, ಅಲೆ ಇಲ್ಲದ ದಿನ ರೋಲರ್ ಸ್ಕೇಟಿನ ಚಕ್ರಗಳನ್ನ ಹಲಗೆಗೆ ಹೊಡೆದು ರಸ್ತೆಗಿಳಿದರು. ಮೊದಲು ಉಕ್ಕಿನ ಚಕ್ರ, ಆಮೇಲೆ ಜೇಡಿಮಣ್ಣು ಬೆರೆಸಿದ ಗಟ್ಟಿ ಚಕ್ರ. ಎರಡೂ ಒಳಾಂಗಣದ ನುಣುಪಾದ ನೆಲಕ್ಕೆ ಮಾಡಿದ್ದು. ರಸ್ತೆ ಮೇಲೆ ಅವುಗಳ ಗತಿ ಏನಾಗ್ತಿತ್ತು ಅಂದ್ರೆ, ಈಗ ನಿಮ್ಮ ಅಳಿಯನಿಗೆ ಆಗ್ತಿರೋದೇ. ಸಣ್ಣ ಕಲ್ಲು ಸಿಕ್ತು, ಚಕ್ರ ನಿಂತ್ತು, ಮನುಷ್ಯ ಹಾರಿದ. ಅಪಘಾತ ಜಾಸ್ತಿಯಾಗಿ ಎಷ್ಟೋ ಊರುಗಳಲ್ಲಿ ನಿಷೇಧವೇ ಹಾಕಿದರು. 1965ರ ಹೊತ್ತಿಗೆ ಆ ಆಟ ಹೆಚ್ಚುಕಡಿಮೆ ಸತ್ತೇ ಹೋಯ್ತು.

ಅದನ್ನ ಬದುಕಿಸಿದ್ದು ಫ್ರಾಂಕ್ ನ್ಯಾಸ್ವರ್ದಿ ಅನ್ನೋ ಯುವಕ. 1970ರಲ್ಲಿ ವರ್ಜೀನಿಯಾದ ಪರ್ಸೆಲ್‌ವಿಲ್ ಊರಲ್ಲಿದ್ದ ಕ್ರಿಯೇಟಿವ್ ಯುರೆಥೇನ್ಸ್ ಕಾರ್ಖಾನೆಗೆ ಹೋಗಿದ್ದಾಗ ಅಲ್ಲಿ ಪಾಲಿಯುರೆಥೇನ್ ರೋಲರ್ ಸ್ಕೇಟ್ ಚಕ್ರ ನೋಡಿದ. ಸ್ಕೇಟಿಂಗ್ ರಿಂಕಿನಲ್ಲಿ ಬಾಡಿಗೆಗೆ ಕೊಡೋ ಸ್ಕೇಟಿಗೆ ಅಂತ ಮಾಡಿದ್ದು. ರಿಂಕಿನಲ್ಲಿ ಚೆನ್ನಾಗಿ ಆಡೋರಿಗೆ ಅದು ಬೇಡವಾಗಿತ್ತು, ಯಾಕಂದ್ರೆ ಮೆತ್ತಗೆ, ನೆಲಕ್ಕೆ ಹಿಡಿಯುತ್ತೆ, ನಿಧಾನ. ಆ ಹಿಡಿಯೋ ಗುಣವೇ ರಸ್ತೆಗೆ ಬೇಕಾಗಿದ್ದು ಅಂತ ಗೊತ್ತಾಗಿದ್ದು ನ್ಯಾಸ್ವರ್ದಿಗೆ. ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ಗೆ ಹೋಗಿ, ಕ್ಯಾಡಿಲಾಕ್ ವೀಲ್ಸ್ ಅನ್ನೋ ಹೆಸರಲ್ಲಿ 1970ರ ದಶಕದ ಶುರುವಿನಲ್ಲೇ ಮಾರೋಕೆ ಹೊರಟ. ಮುಂದಿನ ಕೆಲವೇ ವರ್ಷದಲ್ಲಿ ಜೇಡಿ ಚಕ್ರ ಕಣ್ಮರೆಯಾಯ್ತು. ರಿಂಕಿನವರಿಗೆ ದೋಷ ಅನ್ನಿಸಿದ್ದೇ ಒಂದು ಇಡೀ ಆಟವನ್ನ ಎತ್ತಿ ನಿಲ್ಲಿಸ್ತಲ್ಲ! ದಿನಾ ಇದೇ ವಸ್ತು ಕೈಯಲ್ಲಿ ಹಿಡಿಯೋ ನನಗೆ ಈ ಕಥೆ ಹೇಳೋವಾಗೆಲ್ಲ ಹೆಮ್ಮೆ ಆಗುತ್ತೆ.

ಈಗ ಅದು ಕೆಲಸ ಮಾಡೋ ರೀತಿ. ಗಟ್ಟಿ ಚಕ್ರ ಕಲ್ಲಿಗೆ ಬಡಿದರೆ ಕಲ್ಲೂ ಬಗ್ಗಲ್ಲ, ಚಕ್ರವೂ ಬಗ್ಗಲ್ಲ. ಹಾಗಾಗಿ ಬೋರ್ಡು, ಅದರ ಮೇಲಿನ ಮನುಷ್ಯ, ಇಡೀ ಭಾರ ಮೇಲೆದ್ದು ಕಲ್ಲು ದಾಟಬೇಕು. ಆ ಎತ್ತೋ ಶಕ್ತಿ ಬರೋದು ಮುಂದೆ ಹೋಗ್ತಿರೋ ವೇಗದಿಂದಲೇ. ಮೆತ್ತನೆ ಚಕ್ರ ಆದರೆ ಕಲ್ಲು ಚಕ್ರದ ಒಳಗೆ ಒಂದಿಷ್ಟು ಹುದುಗುತ್ತೆ, ಭಾರ ಅಷ್ಟಾಗಿ ಮೇಲೇಳಲ್ಲ. ಕಬ್ಬಿಣದ ಪಟ್ಟಿಯ ಎತ್ತಿನ ಗಾಡಿಗೂ ಟೈರ್ ಗಾಡಿಗೂ ಇರೋ ವ್ಯತ್ಯಾಸ ನೆನೆಸ್ಕೊಳ್ಳಿ, ಸಾಕು.

ಹಾಗಾದ್ರೆ ಯಾವ ಮೆತ್ತನೆ ವಸ್ತುವಾದರೂ ಆಗುತ್ತಾ ಅಂದ್ರೆ, ಇಲ್ಲ. ಅಗ್ಗದ ಬೋರ್ಡಿನವರು ಮೋಸ ಮಾಡೋದೇ ಇಲ್ಲಿ. ಚಕ್ರ ಉರುಳೋವಾಗ ನೆಲಕ್ಕೆ ತಾಗಿದ ಜಾಗ ಅದುಮಿಕೊಳ್ಳುತ್ತೆ, ಮುಂದೆ ಹೋದಾಗ ಮತ್ತೆ ಉಬ್ಬುತ್ತೆ. ಅದುಮೋಕೆ ಹಾಕಿದ ಶಕ್ತೀಲಿ ಎಷ್ಟು ವಾಪಸ್ ಬರುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ವಾಪಸ್ ಬರದಿದ್ದದ್ದು ಬಿಸಿಯಾಗಿ ಹೋಗುತ್ತೆ. ಮೆತ್ತನೆ ಪಿ.ವಿ.ಸಿ. ಚಕ್ರ ತುಂಬಾ ತಿಂದುಹಾಕುತ್ತೆ, ತಳ್ಳಿ ತಳ್ಳಿ ಕಾಲು ನೋಯುತ್ತೆ. ಒಳ್ಳೆ ಎರಕದ ಪಾಲಿಯುರೆಥೇನ್ ಮೆತ್ತಗೂ ಇರುತ್ತೆ, ಪುಟಿಯೋ ಗುಣವನ್ನೂ ಉಳಿಸ್ಕೊಳ್ಳುತ್ತೆ. ನೀವು ಕಲ್ಲಿನ ಮೇಲೆ ಬೀಳಿಸಿ ನೋಡಿದಿರಲ್ಲ, ಅದೇ ಸರಿಯಾದ ಪರೀಕ್ಷೆ. ಬೇರಿಂಗ್ ತೆಗೆದು ಸೊಂಟದ ಎತ್ತರದಿಂದ ಬಿಡಿ. ಒಳ್ಳೇದು ಚೆಂಡಿನ ಥರ ಎದ್ದು ಬರುತ್ತೆ. ಚಕ್ರದ ಮೇಲೆ ಬರೆದ ಸಂಖ್ಯೆಗಿಂತ ಈ ಪುಟಿತವನ್ನ ನಾನು ಹೆಚ್ಚು ನಂಬ್ತೀನಿ.

ಸಂಖ್ಯೆ ಅಂದ್ರೆ ಡ್ಯೂರೋಮೀಟರ್, ಶೋರ್ ಎ ಅಳತೆ. 78ಎ ಅಂದ್ರೆ ಮೆತ್ತಗೆ, 99ಎ ಅಂದ್ರೆ ಗಟ್ಟಿ. ಸ್ಕೇಟ್‌ಪಾರ್ಕಿನ ನುಣುಪು ಕಾಂಕ್ರೀಟಿಗೆ 99ಎ ಚೆನ್ನ, ಬೇಕಾದಾಗ ಜಾರುತ್ತೆ. ಶಿರಸಿಯ ಟಾರು ರಸ್ತೆಗೆ 78ಎ ಇಂದ 80ಎ ಒಳಗೆ ತಗೊಳ್ಳಿ. ವ್ಯಾಸ 60 ಮಿ.ಮೀ. ಆಸುಪಾಸು. ದೊಡ್ಡ ಚಕ್ರ ಕಲ್ಲು ಹತ್ತೋಕೆ ಸುಲಭ ಅಂತಾರೆ, ನಿಜ, ಆದರೆ ಅಂದುಕೊಂಡಷ್ಟಲ್ಲ. 5 ಮಿ.ಮೀ. ಎತ್ತರದ ಕಲ್ಲಿಗೆ 50 ಮಿ.ಮೀ. ಗಟ್ಟಿ ಚಕ್ರ ಸುಮಾರು 37 ಡಿಗ್ರಿ ಏರು ಹತ್ತಬೇಕು, 60 ಮಿ.ಮೀ. ಚಕ್ರ ಸುಮಾರು 34. ಬರೀ ಮೂರು ಡಿಗ್ರಿ. ದೊಡ್ಡ ಕೆಲಸ ಮಾಡೋದು ಮೆದುತನವೇ.

ನಮ್ಮಲ್ಲಿ ಎರಕ ಹೇಗೆ ಆಗುತ್ತೆ ಅಂತ ಒಂಚೂರು ಹೇಳಿದರೆ ಬೆಲೆ ಯಾಕೆ ಜಾಸ್ತಿ ಅಂತ ತಿಳಿಯುತ್ತೆ. ಪ್ರೀಪಾಲಿಮರ್ ಅಂತ ಜೇನಿಗಿಂತ ಮಂದವಾದ ದ್ರವ ಇರುತ್ತೆ. ಅದನ್ನ ಬಿಸಿ ಮಾಡಿ, ನಿರ್ವಾತದ ಪಾತ್ರೇಲಿಟ್ಟು ಒಳಗಿನ ಗಾಳಿ ತೆಗೀತೀವಿ. ಆಗ ಅದು ನೊರೆ ನೊರೆಯಾಗಿ ಉಕ್ಕಿ ಬಂದು ಆಮೇಲೆ ಕುಸಿಯುತ್ತೆ. ಕುಸಿದ ಮೇಲೇ ಕ್ಯೂರಿಂಗ್ ರಾಸಾಯನಿಕ ತೂಕ ಮಾಡಿ ಬೆರೆಸೋದು. ಬೆರೆಸಿದ ಮೇಲೆ ಕೈಯಲ್ಲಿರೋದು ಕೆಲವೇ ನಿಮಿಷ. ಬಿಸಿ ಅಚ್ಚಿಗೆ ಒಂದೇ ಧಾರೇಲಿ, ಅಚ್ಚಿನ ಗೋಡೆಗೆ ತಾಗಿಸಿ ಹೊಯ್ಯಬೇಕು, ನಡುವೆ ಸುರಿದರೆ ಗಾಳಿ ಸಿಕ್ಕಿಹಾಕ್ಕೊಳ್ಳುತ್ತೆ. ಆಮೇಲೆ ಗಂಟೆಗಟ್ಟಲೆ ಓವನ್ನು. ಕೊನೆಗೆ ಲೇತ್ ಮೇಲೆ ತಿರುವಿ ಅಳತೆಗೆ ತರೋದು. ಅಗ್ಗದ ಚಕ್ರ ಹಾಗಲ್ಲ. ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಒತ್ತೋದು, ಕ್ಷಣಕ್ಕೊಂದು ಬೀಳುತ್ತೆ. ಕರಗಿ ಆಗಿದ್ದು ಮತ್ತೆ ಕರಗುತ್ತೆ ಕೂಡ. ಜೋರಾಗಿ ಜಾರಿಸಿದರೆ ಉಜ್ಜಿದ ಬಿಸಿಗೆ ಒಂದು ಕಡೆ ಚಪ್ಪಟೆಯಾಗಿ ಆಮೇಲೆ ದಡಬಡ ಅಂತ ಓಡುತ್ತೆ. ಎರಕದ್ದು ಒಮ್ಮೆ ಗಟ್ಟಿಯಾದ ಮೇಲೆ ಹಾಗೆ ಕರಗಲ್ಲ, ಸವೆಯುತ್ತೆ ಅಷ್ಟೆ.

ಒಂದು ಮಾತು ಕಡ್ಡಾಯವಾಗಿ: ಇದನ್ನ ಓದಿ ಮನೇಲಿ ಚಕ್ರ ಎರಕ ಹೊಯ್ಯೋಕೆ ಹೋಗಬೇಡಿ. ಪ್ರೀಪಾಲಿಮರಿನಲ್ಲಿರೋ ಐಸೊಸಯನೇಟಿನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಒಮ್ಮೆ ಅದಕ್ಕೆ ಮೈ ಒಗ್ಗದೆ ಹೋದರೆ ಆಸ್ತಮಾ ಜೀವನಪೂರ್ತಿ ಕಾಡಬಹುದು. ಚಕ್ರ ಕೊಂಡೇ ತಗೊಳ್ಳಿ.

ಬೇರಿಂಗ್ ವಿಷಯದಲ್ಲಿ ದುಡ್ಡು ಕಳೀಬೇಡಿ. ಮೊದಲೆಲ್ಲ ಚಕ್ರದೊಳಗೆ ಬಿಡಿ ಗುಂಡುಗಳೇ ಇರ್ತಿದ್ದವು, ನಟ್ಟು ಸಡಿಲಾದರೆ ರಸ್ತೆ ತುಂಬಾ ಚೆಲ್ಲಿಹೋಗ್ತಿದ್ದವು. 1970ರ ದಶಕದ ನಡುವಿನಲ್ಲಿ ರೋಡ್ ರೈಡರ್ ಚಕ್ರ ಬಂದಾಗ ಮುಚ್ಚಿದ ಬೇರಿಂಗ್ ಒತ್ತಿ ಕೂರಿಸೋ ಪದ್ಧತಿ ಶುರುವಾಯ್ತು. ಇವತ್ತಿಗೂ ಅದೇ. ಅಳತೆ 608: ಒಳಗೆ 8, ಹೊರಗೆ 22, ದಪ್ಪ 7 ಮಿ.ಮೀ. ಸಣ್ಣ ಮೋಟರುಗಳಿಗೂ ಅದನ್ನೇ ಹಾಕೋದರಿಂದ ಹುಬ್ಬಳ್ಳಿಯ ಬೇರಿಂಗ್ ಅಂಗಡೀಲೂ ಕೇಳಿದರೆ ಸಿಗುತ್ತೆ. ಅಬೆಕ್ 7, ಅಬೆಕ್ 9 ಅಂತ ನಿಖರತೆಯ ದರ್ಜೆ ಡಬ್ಬಿ ಮೇಲೆ ಬರೆದು ಬೆಲೆ ಏರಿಸ್ತಾರೆ. ಲೆಕ್ಕ ಹಾಕಿ ನೋಡಿ: 54 ಮಿ.ಮೀ. ಚಕ್ರ ಗಂಟೆಗೆ 20 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 2,000 ಸುತ್ತು. ಅಬೆಕ್ಕಿನ ಸೂಕ್ಷ್ಮ ಅಳತೆ ಬೇಕಾಗೋದು ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ತಿರುಗೋ ಯಂತ್ರಗಳಿಗೆ. ನೀವು 608-2ಆರ್‌ಎಸ್ ಕೇಳಿ, ಎರಡೂ ಕಡೆ ರಬ್ಬರ್ ಮುಚ್ಚಳ ಇರುತ್ತೆ, ಧೂಳು ಒಳಗೆ ಹೋಗಲ್ಲ. ಎರಡು ಬೇರಿಂಗ್ ಮಧ್ಯೆ ಹಾಕೋ ಸ್ಪೇಸರ್ ಮಾತ್ರ ಬಿಡಬೇಡಿ.

ಹತ್ಯಾರ_ಶಿರಸಿ

ಮೇಡಂ, ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬಾ ಧನ್ಯವಾದ. ಎರಡೂ ಚಕ್ರ ಹೋಲಿಸಿ ನೋಡಲಿಕ್ಕೆ ಪರಿಚಯದವರ ಮಗನ ಬೋರ್ಡಿನಿಂದ ಒಂದು ತಂದು ಬೀಳಿಸಿದೆ. ಅದು ಮಂಡಿಯವರೆಗೆ ಪುಟಿಯಿತು, ನಮ್ಮದು ಅಲ್ಲಾಡಲಿಲ್ಲ.

ಮೂರು ವಿಷಯ ಕೇಳಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲವೂ ಒದ್ದೆ, ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಈ ಪಾಲಿಯುರೆಥೇನ್ ತಡೆಯುತ್ತದಾ? ಎರಡನೆಯದು, ಟ್ರಕ್. ವಾಲಿದರೆ ಬೋರ್ಡ್ ಹೇಗೆ ತಿರುಗುತ್ತದೆ ಎಂಬುದೇ ನನಗೆ ಹೊಳೆಯಲಿಲ್ಲ. ಸ್ಟಿಯರಿಂಗ್ ಇಲ್ಲ, ಏನಿಲ್ಲ. ಮೂರನೆಯದು, ತೇಗ ಬಿಡುತ್ತೇನೆ, ಆದರೆ ಹಲಗೆ ನನ್ನ ಕೈಯಲ್ಲೇ ಆಗಬೇಕು. ಮರೈನ್ ಪ್ಲೈ, 12 ಮಿ.ಮೀ. ಐಎಸ್ 710 ದರ್ಜೆಯದ್ದು, ಅಂಗಡಿಯಲ್ಲಿ ಇದೆ. ಅದು ಆಗಬಹುದಾ?

ಮೂಡಿಗೆರೆ_ಇಳಿಜಾರು

ನಾನು ಲಾಂಗ್‌ಬೋರ್ಡಿನವನು, ಇಳಿಜಾರು ನನ್ನ ಆಟ. ಟ್ರಕ್ ಬಗ್ಗೆ ಒಂದು ಎಚ್ಚರಿಕೆ ಹೇಳಿ ಹೋಗುತ್ತೇನೆ, ಉಳಿದದ್ದು ಎರಕ ಅವರು ಹೇಳಲಿ.

ವೇಗ ಏರಿದಾಗ ಬೋರ್ಡ್ ಎಡಕ್ಕೆ ಬಲಕ್ಕೆ ತಾನೇ ಅದುರಲು ಶುರು ಮಾಡುತ್ತದೆ, ನಾವು ವಾಬಲ್ ಅನ್ನುತ್ತೇವೆ. ಬೋರ್ಡ್ ಒಂದು ಕಡೆ ತಿರುಗಿದಾಗ ಕಾಲು ಅದನ್ನು ಸರಿಪಡಿಸಲು ಒತ್ತುತ್ತದೆ, ಆದರೆ ಆ ಒತ್ತು ಒಂದು ಕ್ಷಣ ತಡವಾಗಿ ಬರುತ್ತದೆ. ಅಷ್ಟರಲ್ಲಿ ಬೋರ್ಡ್ ಇನ್ನೊಂದು ಕಡೆ ಹೊರಟಿರುತ್ತದೆ. ಸರಿಪಡಿಸುವ ಬದಲು ಇನ್ನಷ್ಟು ತಳ್ಳಿದಂತಾಗುತ್ತದೆ. ಅದಕ್ಕೇ ಇಳಿಜಾರಿನವರು ಕಿಂಗ್‌ಪಿನ್ (ಟ್ರಕ್ಕಿನ ನಡುವಿನ ದಪ್ಪ ಬೋಲ್ಟು) ಹೊರಮುಖವಾಗಿರುವ ಬೇರೆ ಜಾತಿಯ ಟ್ರಕ್ ಹಾಕುತ್ತಾರೆ. ಹಿಂದಿನ ಟ್ರಕ್ಕಿಗೆ ಕೋನ ಕಡಿಮೆ ಇಟ್ಟು ಭಾರವನ್ನು ಮುಂದಿನ ಕಾಲಿಗೆ ಹಾಕುತ್ತಾರೆ.

ಹುಡುಗನಿಗೆ ಮಾಡಿಕೊಡುವ ಸಣ್ಣ ಬೋರ್ಡ್ ಇದಕ್ಕೆ ಅಲ್ಲ. ನಿಮ್ಮಲ್ಲಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ ಹತ್ತಿರದಲ್ಲೇ ಇದೆ, ಚಕ್ರ ಚೆನ್ನಾಗಿ ಓಡತೊಡಗಿದ ಮೇಲೆ ಅವನ ಕಣ್ಣು ಅಲ್ಲಿಗೆ ಹೋಗಿಯೇ ಹೋಗುತ್ತದೆ. ಮೈದಾನ ಬಿಟ್ಟು ಬೇರೆಡೆ ಬಿಡಬೇಡಿ. ಹೆಲ್ಮೆಟ್ಟನ್ನು ಬೋರ್ಡಿನ ಜೊತೆಗೇ ಕೊಡಿಸಿ, ಆಮೇಲೆ ಅಂತ ಬೇಡ.

ಎರಕ_ಪೀಣ್ಯ

ಮೂಡಿಗೆರೆಯವರ ಮಾತನ್ನ ಹುಡುಗನಿಗೂ ಓದಿಸಿ ಸರ್.

ಮಳೆ ವಿಷಯ ಕೇಳಿದ್ದು ಒಳ್ಳೇದಾಯ್ತು. ಪಾಲಿಯುರೆಥೇನಲ್ಲಿ ಎರಡು ಕುಲ, ಪಾಲಿಎಸ್ಟರ್ ಮೂಲದ್ದು ಮತ್ತು ಪಾಲಿಈಥರ್ ಮೂಲದ್ದು. ಪಾಲಿಎಸ್ಟರ್ ಸವೆತ, ಕಚ್ಚು ತಡೆಯೋದರಲ್ಲಿ ಗಟ್ಟಿ. ಆದರೆ ಬಿಸಿ ಮತ್ತು ತೇವ ಒಟ್ಟಿಗೆ ಇದ್ದರೆ ನೀರು ಅದರ ಸರಪಳಿಯನ್ನೇ ನಿಧಾನಕ್ಕೆ ಕತ್ತರಿಸುತ್ತೆ. ಮೊದಲು ಮೇಲ್ಮೈ ಅಂಟಂಟಾಗುತ್ತೆ, ಆಮೇಲೆ ಉಗುರಲ್ಲಿ ಕೆರೆದರೆ ಚಕ್ಕೆ ಬರುತ್ತೆ. ವರ್ಷಗಟ್ಟಲೆ ಪೆಟ್ಟಿಗೇಲಿಟ್ಟ ಶೂವಿನ ಅಟ್ಟೆ ಪುಡಿಯಾಗೋದು ಬಹಳ ಸಲ ಇದರಿಂದಲೇ. ಪಾಲಿಈಥರ್ ನೀರಿಗೆ ಅಷ್ಟು ಬೇಗ ಸೋಲಲ್ಲ. ಯಾವುದು ಅಂತ ಚಕ್ರದ ಮೇಲೆ ಬರೆದಿರಲ್ಲ, ಹಾಗಾಗಿ ನೀವು ಮಾಡಬೇಕಾದ್ದು ಇಷ್ಟೇ: ಒದ್ದೆಯಾದರೆ ಒರೆಸಿ, ಗಾಳಿಯಾಡೋ ಕಡೆ ನೇತುಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಬಿಸಿಲಿಗೆ ಹಳದಿ ತಿರುಗಿದರೆ ಹೆದರಬೇಡಿ, ಬರೀ ಹಳದಿಯಾದ ಮಾತ್ರಕ್ಕೆ ಚಕ್ರ ಕೆಟ್ಟಿತು ಅಂತಲ್ಲ. ಮಳೇಲಿ ಚಕ್ರಕ್ಕಿಂತ ಮೊದಲು ಹೋಗೋದು ಬೇರಿಂಗೂ ಡೆಕ್ಕೂ.

ಇನ್ನು ಟ್ರಕ್. ಬಿಚ್ಚಿದ ಟ್ರಕ್ ಈಗ ನಿಮ್ಮ ಮುಂದೆ ಇದೆ ಅಂತ ಇಟ್ಕೊಂಡು ಹೇಳ್ತೀನಿ. ಹಲಗೆಗೆ ಕೂರೋ ತಟ್ಟೆ ಬೇಸ್‌ಪ್ಲೇಟ್. ಚಕ್ರದ ಅಚ್ಚು (ಆಕ್ಸಲ್) ಹಾಯೋ ದೊಡ್ಡ ತುಂಡು ಹ್ಯಾಂಗರ್. ಎರಡನ್ನೂ ಹಿಡಿದಿರೋ ದಪ್ಪ ಬೋಲ್ಟು ಕಿಂಗ್‌ಪಿನ್, ಅದರ ಸುತ್ತ ಎರಡು ಬುಶಿಂಗ್, ಅಂದ್ರೆ ಅದುಮಿಕೊಳ್ಳೋ ಮೆತ್ತನೆ ಬಳೆಗಳು. ಹ್ಯಾಂಗರಿನ ಇನ್ನೊಂದು ಮೂತಿ ಬೇಸ್‌ಪ್ಲೇಟಿನ ಗುಳಿಯಲ್ಲಿ ಕೂತಿರುತ್ತೆ. ಆ ಮೂತಿಯಿಂದ ಬುಶಿಂಗಿನ ನಡುವಿಗೆ ಒಂದು ಗೆರೆ ಎಳೀರಿ. ಅದು ನೆಲಕ್ಕೆ ಸಮನಾಗಿಲ್ಲ, ಓರೆಯಾಗಿದೆ, ನೋಡಿ. ಹ್ಯಾಂಗರ್ ತಿರುಗೋದು ಆ ಓರೆ ಗೆರೆಯ ಸುತ್ತ. ಚಕ್ರಗಳು ನೆಲ ಬಿಡಲ್ಲ, ಹಲಗೆ ಮಾತ್ರ ವಾಲುತ್ತೆ. ಗೆರೆ ಓರೆಯಾಗಿರೋದರಿಂದ ವಾಲಿದಷ್ಟಕ್ಕೂ ಅಚ್ಚು ಒಂದಿಷ್ಟು ತಿರುಗಲೇಬೇಕು. ಮುಂದಿನ ಟ್ರಕ್ಕೂ ಹಿಂದಿನ ಟ್ರಕ್ಕೂ ಎದುರುಬದುರು ಕೂತಿರೋದರಿಂದ ಮುಂದಿನದು ಒಳಕ್ಕೆ, ಹಿಂದಿನದು ಹೊರಕ್ಕೆ ತಿರುಗಿ ಬೋರ್ಡ್ ಕಮಾನಿನಲ್ಲಿ ಹೋಗುತ್ತೆ. ಗೆರೆ ಎಷ್ಟು ಕಡಿದಾಗಿದ್ದರೆ ಅಷ್ಟು ಬೇಗ ತಿರುಗುತ್ತೆ. ಮೂಡಿಗೆರೆಯವರು ಕೋನ ಕಡಿಮೆ ಇಡ್ತೀವಿ ಅಂದದ್ದು ಇದನ್ನೇ.

ಈ ಉಪಾಯ ಸ್ಕೇಟ್‌ಬೋರ್ಡಿಗಿಂತ ತುಂಬಾ ಹಳೇದು. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಅನ್ನೋರು ವಾಲಿದರೆ ತಿರುಗೋ ನಾಲ್ಕು ಚಕ್ರದ ರೋಲರ್ ಸ್ಕೇಟಿಗೆ ಪೇಟೆಂಟ್ ತಗೊಂಡರು, ನಡುವೆ ರಬ್ಬರ್ ಇಟ್ಟು. ನೂರು ವರ್ಷ ಆದಮೇಲೂ ಸ್ಕೇಟ್‌ಬೋರ್ಡಿನವರು ಆ ರೋಲರ್ ಸ್ಕೇಟ್ ಟ್ರಕ್ಕನ್ನೇ ಹಾಕ್ಕೊಂಡು ಓಡ್ತಿದ್ದರು, ಕಿರಿದಾಗಿರ್ತಿತ್ತು, ಮುರೀತಿತ್ತು. ಸ್ಕೇಟ್‌ಬೋರ್ಡಿಗೇ ಅಂತ ಅಗಲವಾದ ಟ್ರಕ್ ಬಂದದ್ದು 1970ರ ದಶಕದ ನಡುವಿನಲ್ಲಿ, ಬೆನೆಟ್ ಮತ್ತು ಟ್ರ್ಯಾಕರ್ ಕಂಪನಿಗಳಿಂದ. 1978ರಲ್ಲಿ ಇಂಡಿಪೆಂಡೆಂಟ್ ಬಂತು. ಇವತ್ತು ಅಂಗಡೀಲಿ ಸಿಗೋ ಟ್ರಕ್ಕಿನ ರೂಪ ಅಲ್ಲಿಂದ ಹೆಚ್ಚೇನೂ ಬದಲಾಗಿಲ್ಲ. ಟೊಳ್ಳು ಅಚ್ಚು, ಟೈಟಾನಿಯಂ ಅಂತೆಲ್ಲ ಇದೆ, ತೂಕ ಸ್ವಲ್ಪ ಕಮ್ಮಿ ಆಗುತ್ತೆ, ನಿಮ್ಮ ಹುಡುಗನಿಗೆ ಬೇಡ.

ಬುಶಿಂಗ್ ಮಾತ್ರ ಗಮನಿಸಿ. ಬೋರ್ಡಿನ ಜೊತೆ ಬರೋ ಬುಶಿಂಗ್ ಸಾಮಾನ್ಯವಾಗಿ ದೊಡ್ಡವರ ತೂಕಕ್ಕೆ ಹೊಂದೋ ಅಂಥದ್ದು, 90ಎ ಆಸುಪಾಸು. ಹಗುರ ಹುಡುಗ ಅದರ ಮೇಲೆ ನಿಂತು ಎಷ್ಟು ವಾಲಿದರೂ ಬೋರ್ಡ್ ನೇರಕ್ಕೇ ಹೋಗುತ್ತೆ. ಆಗ ಮಕ್ಕಳು ಏನು ಮಾಡ್ತಾರೆ, ಕಿಂಗ್‌ಪಿನ್ ನಟ್ಟನ್ನ ಪೂರ್ತಿ ಸಡಿಲ ಬಿಡ್ತಾರೆ, ಅದು ಅಪಾಯ. ನಟ್ಟು ಸರಿಯಾಗಿ ಕೂತಿರಲಿ, 80ಎ ಹತ್ತಿರದ ಮೆತ್ತನೆ ಬುಶಿಂಗ್ ಹಾಕಿ. ಸ್ಕೇಟ್ ಅಂಗಡೀಲಿ ಅತಿ ಕಡಿಮೆ ದುಡ್ಡಿಗೆ ಅತಿ ಹೆಚ್ಚು ವ್ಯತ್ಯಾಸ ಕೊಡೋ ಸಾಮಾನು ಅದೇ.

ಡೆಕ್ ವಿಷಯ ಮರದವರಿಗೆ ನಾನು ಹೇಳೋದು ಸಂಕೋಚ, ಆದರೂ ಮುರಿದ ಡೆಕ್ಕುಗಳನ್ನ ತುಂಬಾ ನೋಡಿದೀನಿ. ತೇಗ ಯಾಕೆ ಸೀಳುತ್ತೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ಪ್ರತಿ ವರ್ಷದ ಉಂಗುರದಲ್ಲೂ ದೊಡ್ಡ ರಂಧ್ರಗಳ ಒಂದು ಸಾಲು ಇರುತ್ತೆ, ಅಲ್ಲೇ ದುರ್ಬಲ. ಶುಗರ್ ಮೇಪಲ್‌ನಲ್ಲಿ ರಂಧ್ರ ಸಣ್ಣವು, ಎಲ್ಲ ಕಡೆ ಸಮನಾಗಿ ಹರಡಿರುತ್ತೆ, ಬಡಿತ ತಡೆಯುತ್ತೆ. ತೇಗದ ಎಣ್ಣೆ ಅಂಟನ್ನೂ ಸರಿಯಾಗಿ ಹಿಡಿಯಗೊಡಲ್ಲ. ಹಾಗಾಗಿ ಪದರ ಮಾಡಿ ಅಂಟಿಸೋಕೂ ಅದು ಕಷ್ಟ.

ಏಳು ಪದರ ಖರ್ಚು ಉಳಿಸೋಕೆ ಅಲ್ಲ. ಕೆನಡಾದ ವಿಲ್ಲಿ ವಿಂಕೆಲ್ ಅನ್ನೋರು 1970ರ ದಶಕದಲ್ಲಿ ಮೇಪಲ್ ಪದರಗಳನ್ನ ಒತ್ತಿ ಮಾಡೋ ಡೆಕ್ ಶುರು ಮಾಡಿದರು ಅಂತಾರೆ. ಒಂದೊಂದು ಪದರ ಸುಮಾರು ಒಂದೂವರೆ ಮಿ.ಮೀ. ಸಾಮಾನ್ಯವಾಗಿ ಏಳರಲ್ಲಿ ಐದರ ಎಳೆ ಉದ್ದಕ್ಕೆ, ಎರಡರದ್ದು ಮಾತ್ರ ಅಡ್ಡಕ್ಕೆ. ನಿಮ್ಮ ಮರೈನ್ ಪ್ಲೈ ಬೇಡ ಅನ್ನೋಕೆ ಕಾರಣ ಇದೇ. ಅಂಟು ಅದರದ್ದು ಒಳ್ಳೇದೇ, ನೀರಿಗೆ ಬಿಡಲ್ಲ. ಆದರೆ ಪೀಠೋಪಕರಣದ ಪ್ಲೈನಲ್ಲಿ ಒಂದು ಉದ್ದ ಒಂದು ಅಡ್ಡ, ಒಂದು ಉದ್ದ ಒಂದು ಅಡ್ಡ ಅಂತ ಇರುತ್ತೆ. ಬೋರ್ಡಿಗೆ ಬಲ ಬೇಕಾಗಿರೋದು ಎರಡು ಟ್ರಕ್ಕಿನ ನಡುವೆ, ಉದ್ದಕ್ಕೆ. ಅಡ್ಡ ಪದರಗಳಲ್ಲಿ ಅರ್ಧ ಮರ ವ್ಯರ್ಥ ಆದ ಹಾಗೆ. ಇನ್ನೊಂದು, ಪ್ಲೈ ಚಪ್ಪಟೆ. ಅಚ್ಚಿನಲ್ಲಿ ಒತ್ತಿದ ಡೆಕ್ಕಿನ ಅಂಚು ಎರಡೂ ಕಡೆ ಸ್ವಲ್ಪ ಮೇಲೆದ್ದಿರುತ್ತೆ, ಕಾನ್ಕೇವ್ ಅಂತೀವಿ. ಅಷ್ಟು ಬಾಗಿಗೇ ಅದೇ ದಪ್ಪದ ಹಲಗೆ ಎಷ್ಟೋ ಬಿಗಿಯಾಗುತ್ತೆ, ಕಾಲಿಗೂ ಅಂಚು ಗೊತ್ತಾಗುತ್ತೆ.

ನಿಮ್ಮ ಕೈಯಲ್ಲೇ ಆಗಬೇಕು ಅನ್ನೋ ಆಸೆ ನನಗೆ ತುಂಬಾ ಇಷ್ಟ ಆಯ್ತು, ಅದನ್ನ ಬಿಡಬೇಡಿ. ಪ್ಲೈವುಡ್ ಮಿಲ್ಲಿನಿಂದ ಸಿಲ್ವರ್ ಓಕ್ ಅಥವಾ ನೀಲಗಿರಿಯ ಕೋರ್ ವಿನಿಯರ್ (ಪ್ಲೈ ಒಳಗೆ ಹಾಕೋ ತೆಳು ಮರದ ಪದರ) ತರಿಸಿ, ಗಂಟಿಲ್ಲದ್ದು ಆರಿಸಿ, ಐದು ಉದ್ದ ಎರಡು ಅಡ್ಡ ಇಡಿ. ಅಡ್ಡದ್ದು ನಡುವಿನ ಪದರದಿಂದ ಎರಡೂ ಕಡೆ ಒಂದೇ ದೂರದಲ್ಲಿರಬೇಕು, ಇಲ್ಲದಿದ್ದರೆ ತಿರುಚಿಕೊಳ್ಳುತ್ತೆ. ಮರದ ದಿಮ್ಮಿಯಲ್ಲೇ ಬಾಗಿನ ಅಚ್ಚು ಕೆತ್ತಿ, ನೀರು ತಡೆಯೋ ಅಂಟು ಹಾಕಿ, ಕ್ಲಾಂಪ್ ಬಿಗಿದು ಒಂದು ಇಡೀ ದಿನ ಬಿಡಿ. ಬೇಸಿಗೇಲೇ ಮಾಡಿ, ವಿನಿಯರಿನಲ್ಲಿ ತೇವ ಇರಬಾರದು. ಇದು ಮೇಪಲ್ ಆಗಲ್ಲ, ಮೆಟ್ಟಿಲು ಹಾರೋಕೆ ಅಲ್ಲ. ಶಾಲೆ ಮೈದಾನಕ್ಕೆ ಹೋಗಿ ಬರೋಕೆ ಸಾಕು. ಹುಡುಗ ಆಲಿ ಕಲಿಯೋ ಹಂತಕ್ಕೆ ಬಂದಾಗ ಕರ್ಬ್ ಹೇಳಿದ ಮೇಪಲ್ ಡೆಕ್ ತಗೊಳ್ಳಿ, ಚಕ್ರ ಟ್ರಕ್ ಎಲ್ಲ ಹಾಗೇ ಅದಕ್ಕೆ ಹೊಂದುತ್ತೆ. ಹಿಂಬದಿ ಮೇಲೆತ್ತಿದ ಬಾಲಕ್ಕೆ ಲ್ಯಾರಿ ಸ್ಟೀವನ್ಸನ್ 1971ರಲ್ಲಿ ಪೇಟೆಂಟ್ ಪಡೆದದ್ದು, ಅದಿಲ್ಲದೆ ಆಲಿಯೇ ಇಲ್ಲ. ಅಚ್ಚಿನಲ್ಲಿ ಬಾಲಕ್ಕೂ ಬಾಗು ಕೊಡಿ, ತಿರುಗಿಸೋಕಾದರೂ ಬೇಕು.

ಕರ್ಬ್_ಜಯನಗರ

ಚಕ್ರದ ಮಾತು ಒಪ್ಪಿದೆ ಅಕ್ಕ. ನಾವು ಪಾರ್ಕಲ್ಲೇ ಆಡೋರು, ರಸ್ತೆ ಲೆಕ್ಕ ಬೇರೆ. ಒಂದು ಸೇರಿಸ್ತೀನಿ: 60 ಮಿ.ಮೀ. ಚಕ್ರ ಹಾಕಿದರೆ ಜೋರಾಗಿ ವಾಲಿದಾಗ ಚಕ್ರ ಡೆಕ್ಕಿಗೆ ಉಜ್ಜಿ ಒಮ್ಮೆಲೇ ನಿಲ್ಲುತ್ತೆ. ಟ್ರಕ್ ಮತ್ತು ಡೆಕ್ ನಡುವೆ ರೈಸರ್ ಹಾಕಲೇಬೇಕು.

ಹತ್ಯಾರ_ಶಿರಸಿ

ವಿನಿಯರ್‌ಗೆ ಇವತ್ತೇ ಫೋನ್ ಮಾಡಿದೆ, ಕೊಡುತ್ತಾರಂತೆ. ಅಚ್ಚಿಗೆ ಹಲಸಿನ ದಿಮ್ಮಿ ಇದೆ. ಟ್ರಕ್ ಕೂರಿಸುವ ತೂತಿನ ಅಳತೆ ಹೇಳಿದರೆ ಜಿಗ್ ಮಾಡಿಟ್ಟುಕೊಳ್ಳುತ್ತೇನೆ.

ಎರಕ_ಪೀಣ್ಯ

ಕರ್ಬ್ ಹೇಳಿದ ರೈಸರ್ 6 ಮಿ.ಮೀ. ಸಾಕು, ಗಟ್ಟಿ ರಬ್ಬರ್ ಶೀಟಿನಲ್ಲಿ ನೀವೇ ಕತ್ತರಿಸಬಹುದು. ಬೋಲ್ಟನ್ನೂ ಅಷ್ಟೇ ಉದ್ದ ಜಾಸ್ತಿ ತಗೊಳ್ಳಿ.

ತೂತು ನಾಲ್ಕು. ಬೋರ್ಡಿನ ಉದ್ದಕ್ಕೆ ತೂತಿನ ನಡುವಿಂದ ನಡುವಿಗೆ 54 ಮಿ.ಮೀ., ಅಡ್ಡಕ್ಕೆ 41 ಮಿ.ಮೀ. 5 ಮಿ.ಮೀ. ಬಿಟ್ ಹಾಕಿ. ಮುಂದಿನ ಟ್ರಕ್ಕಿನ ಒಳ ತೂತಿಂದ ಹಿಂದಿನ ಟ್ರಕ್ಕಿನ ಒಳ ತೂತಿಗೆ 360 ಮಿ.ಮೀ. ಇಟ್ಟರೆ ಅವನ ವಯಸ್ಸಿಗೆ ಸರಿ. ಟ್ರಕ್ಕಿನ ಅಚ್ಚಿನ ಒಟ್ಟು ಅಗಲ ಡೆಕ್ಕಿನ ಅಗಲಕ್ಕೆ ಸಮ ಇರಲಿ, 8 ಇಂಚಾದರೆ ಸುಮಾರು 203 ಮಿ.ಮೀ. ತೂತಿನ ಒಳಗೋಡೆಗೂ ಕತ್ತರಿಸಿದ ಅಂಚಿಗೂ ವಾರ್ನಿಷ್ ಕುಡಿಸಿ, ಶಿರಸಿ ಮಳೆ ಒಳಗೆ ನುಗ್ಗೋದು ಅಲ್ಲಿಂದಲೇ.

ಕೂರಿಸೋವಾಗ ಎರಡೂ ಟ್ರಕ್ಕಿನ ಕಿಂಗ್‌ಪಿನ್ ನಟ್ಟು ಬೋರ್ಡಿನ ನಡುವಿಗೆ ಮುಖ ಮಾಡಿರಬೇಕು. ಒಂದು ತಿರುಗಿಸಿ ಹಾಕಿದರೂ ಬೋರ್ಡ್ ವಾಲಿದ ಕಡೆ ಹೋಗಲ್ಲ. ಚಕ್ರದ ನಟ್ಟು ಪೂರ್ತಿ ಬಿಗಿದು, ಆಮೇಲೆ ಚಕ್ರ ಅಚ್ಚಿನ ಮೇಲೆ ಒಂದು ಕೂದಲೆಳೆಯಷ್ಟು ಆಡೋವರೆಗೆ ಹಿಂದಕ್ಕೆ ಬಿಡಿ.